ವಾದ ಕೇಳುವ ಕಿವಿ

ಚರ್ಚಾಸ್ಪರ್ಧೆಗೆ ಮಕ್ಕಳನ್ನು ತಯಾರು ಮಾಡುವವರು ಮೊದಲು ಮಾತಾಡಲು ಕಲಿಸುತ್ತಾರೆ. ನಾನಾದರೆ ಮೊದಲು ಬಂಗಾರಪೇಟೆಗೆ ಪಾನಿಪೂರಿ ತಿನ್ನಲು ಕರೆದೊಯ್ಯುತ್ತೇನೆ. ಇಲ್ಲಿನ ಪಾನಿ ಹಸಿರಲ್ಲ, ಕುಡಿಯುವ ನೀರಿನಷ್ಟು ತಿಳಿ. ಬಾಯಿಗಿಟ್ಟ ಮೇಲೆ ಖಾರ ನೆತ್ತಿಗೇರುತ್ತದೆ. ಹೊಸಬರು ಅನುಮಾನಿಸಿ ನಿಂತಾಗ ಗಾಡಿಯವರು ಒಲಿಸುವ ಬಗೆಯನ್ನು ಕೇಳಿಸಿಕೊಳ್ಳಬೇಕು.

‘ಬಣ್ಣ ಇಲ್ಲ ಸಾರ್, ಏನು ಹಾಕಿದ್ರೂ ಕಾಣುತ್ತೆ.’ ಇದು ತರ್ಕ. ‘ನಮ್ಮಪ್ಪನ ಕಾಲದಿಂದ ಇದೇ ಜಾಗ.’ ಇದು ಆಡುವವರ ಮೇಲಿನ ನಂಬಿಕೆ. ‘ಪಾಪ, ಮಗು ಆಗ್ಲಿಂದ ನೋಡ್ತಾ ಇದೆ.’ ಇದು ಭಾವ. ಅರಿಸ್ಟಾಟಲ್ 2,300 ವರ್ಷಗಳ ಹಿಂದೆ ಲೋಗೋಸ್, ಈಥೋಸ್, ಪೇಥೋಸ್ ಎಂದು ವಿಂಗಡಿಸಿದ್ದು ಇವನ್ನೇ. ಬೆಂಗಳೂರಿನ ಗಾಡಿಗಳ ಮೇಲೆ ‘ಬಂಗಾರಪೇಟೆ’ ಎಂದು ಬರೆದಿರುತ್ತದಲ್ಲ, ಅದು ಎರವಲು ತಂದ ನಂಬಿಕೆ.

ಒಮ್ಮೆ ಮೂಗು ಒರೆಸಿಕೊಳ್ಳುತ್ತಿದ್ದ ಹುಡುಗನೊಬ್ಬ, ‘ಏನು ಹಾಕಿದ್ರೂ ಕಾಣುತ್ತೆ ಅಂದ್ರು, ಖಾರ ಕಾಣಲೇ ಇಲ್ವಲ್ಲ ಸಾರ್’ ಎಂದ. ಅವನಿಗೆ ಪಾಠ ಅರ್ಧ ಮುಗಿದಿತ್ತು.

ಉಳಿದರ್ಧಕ್ಕೆ ಕೆಜಿಎಫ್. ವಿಷಯ: ‘ಚಿನ್ನದ ಗಣಿಯನ್ನು ಮತ್ತೆ ತೆರೆಯಬೇಕು’. 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿದ ಮೇಲೆ ಈ ಊರಿನ ಟೀ ಅಂಗಡಿಗಳಲ್ಲಿ ಈ ಚರ್ಚೆ ನಿಂತಿಲ್ಲ. ಎರಡೂ ಪಕ್ಷದವರು ಒಂದೇ ಅಂಕಿ ತರುತ್ತಾರೆ: ಸುಮಾರು 120 ವರ್ಷದಲ್ಲಿ 800 ಟನ್ ಚಿನ್ನ. ಅಷ್ಟು ಕೊಟ್ಟ ಭೂಮಿಯಲ್ಲಿ ಇನ್ನೂ ಇದ್ದೇ ಇದೆ ಎನ್ನುತ್ತಾರೆ ಪರದವರು. ಅಷ್ಟು ಬಗೆದ ಮೇಲೆ ಇನ್ನೇನು ಉಳಿದೀತು ಎನ್ನುತ್ತಾರೆ ವಿರೋಧದವರು. ಅಂಕಿ ಕೇಳಿದ ತಕ್ಷಣ ಚಪ್ಪಾಳೆ ತಟ್ಟುವ ಸಭೆಯ ಬಗ್ಗೆ ನನಗೆ ಸ್ವಲ್ಪ ಕನಿಕರ. ಕಿವಿ ನಿಲ್ಲಬೇಕಾದ್ದು ಅಂಕಿಯ ನಂತರ ಬರುವ ‘ಆದ್ದರಿಂದ’ದ ಮೇಲೆ.

‘ನಮ್ಮ ತಾತ ಚಾಂಪಿಯನ್ ರೀಫ್‌ನಲ್ಲಿ ಇಳಿದವರು’ ಎಂದು ಒಬ್ಬರು ಶುರು ಮಾಡಿದರೆ ಸಭೆ ನೆಟ್ಟಗೆ ಕೂರುತ್ತದೆ. ಮೂರು ಕಿಲೋಮೀಟರಿಗೂ ಆಳದ ಗಣಿ ಅದು. ಕೆಳಗಿನ ಸೆಕೆ, ಬಂಡೆ ಸಿಡಿಯುವ ಭಯ, ಇವುಗಳ ಬಗ್ಗೆ ಆ ತಾತನ ಮಾತನ್ನು ಮೀರುವ ಸಾಕ್ಷಿ ಇಲ್ಲ. ಗಣಿ ಲಾಭಕ್ಕೆ ಬರುತ್ತದೆಯೇ ಎಂಬುದಕ್ಕೆ ಅದೇ ತಾತ ಸಾಕ್ಷಿಯಾಗಲಾರರು. ಮಕ್ಕಳಿಗೆ ಇದನ್ನು ಹೇಳುವಾಗ ಮೆಲ್ಲಗೆ ಹೇಳಬೇಕು, ತಾತನಿಗೆ ಅವಮಾನ ಅನ್ನಿಸಿಬಿಡುತ್ತದೆ.

ಭಾವವೆಂದರೆ ಬರೀ ಕಣ್ಣೀರು ಎಂದು ತಳ್ಳಿಹಾಕುವವರೂ ಇದ್ದಾರೆ. ಕಲ್ಲಿನ ಧೂಳು ಕುಡಿದು ಬರುವ ಸಿಲಿಕೋಸಿಸ್ ಎಕ್ಸ್‌ರೇಯಲ್ಲಿ ಕಾಣುವ ಕಾಯಿಲೆ, ಮನೆಯಲ್ಲಿ ರಾತ್ರಿಯಿಡೀ ಕೇಳುವ ಕೆಮ್ಮೂ ಹೌದು. ಇಲ್ಲಿ ತರ್ಕ ಮುಗಿದು ಭಾವ ಶುರುವಾಗುವ ಗೆರೆ ನನಗಂತೂ ಕಂಡಿಲ್ಲ. ಚಿನ್ನ ತೆಗೆದ ಮೇಲೆ ಉಳಿದ ಅದಿರಿನ ಪುಡಿ ಸುರಿದು ಬೆಳೆದ ಸೈನೈಡ್ ಗುಡ್ಡಗಳ ಮಾತೂ ಹಾಗೇ. 2024ರ ಜೂನ್‌ನಲ್ಲಿ ಅಂಥ 13 ದಿಬ್ಬಗಳಲ್ಲಿ ಗಣಿಗಾರಿಕೆಗೆ ರಾಜ್ಯ ಸಚಿವ ಸಂಪುಟ ಒಪ್ಪಿತು. ಒಬ್ಬರ ಬಾಯಲ್ಲಿ ಆ ಧೂಳು ಉಳಿದ ಚಿನ್ನ, ಇನ್ನೊಬ್ಬರ ಬಾಯಲ್ಲಿ ಗಾಳಿ ಎದ್ದಾಗ ಒಣಹಾಕಿದ ಬಟ್ಟೆಗೆ, ಮೂಗಿಗೆ ಮೆತ್ತುವ ಪುಡಿ.

ಕರಾವಳಿಯ ತಾಳಮದ್ದಳೆಯಲ್ಲಿ ಇವತ್ತು ಕೃಷ್ಣನಾದ ಅರ್ಥಧಾರಿ ನಾಳೆ ಕೌರವನಾಗಿ ಅಷ್ಟೇ ಬಲವಾಗಿ ವಾದಿಸಬಲ್ಲ. ಅದನ್ನು ನೆನೆದು ನಾನು ಗಂಟೆ ಬಾರಿಸಿ ಪಕ್ಷ ಬದಲಿಸಲು ಹೇಳುತ್ತೇನೆ. ಗಣಿ ತೆರೆಯಬೇಕೆಂದು ತಾತನ ದುಡಿಮೆಯನ್ನು ಹೇಳಿ ಸಭೆ ಗೆದ್ದಿದ್ದ ಹುಡುಗಿ, ಗಂಟೆಯಾದ ಮೇಲೆ ಕೊಂಚ ಹೊತ್ತು ಸುಮ್ಮನೆ ನಿಂತಳು. ಆಮೇಲೆ ಅದೇ ತಾತನ ಕೆಮ್ಮಿನಿಂದ ಶುರು ಮಾಡಿದಳು. ಕೆಳಗಿಳಿದು ಬಂದವಳು ಕೇಳಿದ್ದು: ‘ಸಾರ್, ತಾತ ಯಾವ ಕಡೆ?’

ಮನೆಗೆ ಹೋಗಿ ಅವರನ್ನೇ ಕೇಳಮ್ಮ ಎಂದೆ.