ಮೈದಾನದಲ್ಲಿ ಕಾಣದ ಮೇಷ್ಟ್ರು

ಅಪ್ಪನ ವರ್ಗಾವಣೆಗಳಿಂದಾಗಿ ನಾನು ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಹೀಗೆ ಮೂರು ಊರುಗಳ ಶಾಲೆಗಳಲ್ಲಿ ಓದಿದೆ. ಅರಕಲಗೂಡಿನ ಪಿ.ಟಿ. ಮೇಷ್ಟ್ರ ಹತ್ತಿರ ಇದ್ದದ್ದು ಒಂದೇ ಫುಟ್‌ಬಾಲು, ಆಡುವವರು ನಲವತ್ತು ಮಕ್ಕಳು. ಚೆಂಡು ಕಾಲಿಗೆ ಬಂದರೆ ಒಂದೇ ಸಲ ಮುಟ್ಟಿ ಇನ್ನೊಬ್ಬರಿಗೆ ದಾಟಿಸಬೇಕು ಅಂತ ಅವರ ಕಟ್ಟಪ್ಪಣೆ. ಒಂದೇ ಚೆಂಡಿರುವುದಕ್ಕೆ ಹೀಗೆ ಅಂತ ಆಗ ಅಂದುಕೊಂಡಿದ್ದೆ. ಈಚೆಗೆ ಹಾಸನದ ಬಾಡಿಗೆ ಕೋಣೆಯಲ್ಲಿ ‘ಮೈದಾನ್’ (2024) ಎಂಬ ಹಿಂದಿ ಚಿತ್ರವನ್ನು ಎರಡನೇ ಸಲ ನೋಡುವಾಗ ಅವರು ನೆನಪಾದರು.

ಅಮಿತ್ ಶರ್ಮಾ ನಿರ್ದೇಶಿಸಿದ ಈ ಚಿತ್ರ ಹೈದರಾಬಾದಿನ ಸೈಯದ್ ಅಬ್ದುಲ್ ರಹೀಂ (1909-1963) ಅವರ ಬದುಕಿನದು. ಉಸ್ಮಾನಿಯಾ ವಿಶ್ವವಿದ್ಯಾಲಯದ ತಂಡದಲ್ಲಿ ಆಡಿ, ಮುಂದೆ ತರಬೇತುದಾರರಾದವರು ರಹೀಂ. ಅವರು ತಯಾರು ಮಾಡಿದ ಹೈದರಾಬಾದ್ ಪೊಲೀಸ್ ತಂಡ 1950ರಿಂದ ಸತತ ಐದು ವರ್ಷ ರೋವರ್ಸ್ ಕಪ್ ಗೆದ್ದಿತು. ಭಾರತ ತಂಡ 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನಕ್ಕೆ ಬಂದದ್ದೂ 1962ರಲ್ಲಿ ಜಕಾರ್ತದ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದದ್ದೂ ಅವರ ಕೈಕೆಳಗೇ.

ಚಿತ್ರ ಶುರುವಾಗುವುದು 1952ರ ಹೆಲ್ಸಿಂಕಿಯ ಸೋಲಿನಿಂದ. ಬರಿಗಾಲಲ್ಲಿ ಆಡಿದ ನಮ್ಮವರು ಯುಗೊಸ್ಲಾವಿಯಾ ಎದುರು 10-1ರಿಂದ ಸೋತರು. ಆ ಒಂದು ಗೋಲು ಬೆಂಗಳೂರಿನ ಅಹ್ಮದ್ ಖಾನ್ ಅವರದು. ಆದರೆ ಹಿಂದಿನ ವರ್ಷವಷ್ಟೇ ದೆಹಲಿಯಲ್ಲಿ ರಹೀಂ ಅವರ ತಂಡ ಇರಾನನ್ನು 1-0ರಿಂದ ಸೋಲಿಸಿ ಏಷ್ಯನ್ ಚಿನ್ನ ಗೆದ್ದಿತ್ತು. ಚಿತ್ರಕ್ಕೆ ಆ ಗೆಲುವು ಬೇಡ. ಅವಮಾನದಿಂದ ಹೊರಟು ಕ್ಯಾನ್ಸರನ್ನು ಹಾದು ಚಿನ್ನಕ್ಕೆ ಮುಟ್ಟಿದರೆ ಕಥೆ ನೆಟ್ಟಗಿರುತ್ತದೆ. ಎದುರಾಳಿಯಾಗಿ ಒಬ್ಬ ಪತ್ರಕರ್ತನೂ ಒಬ್ಬ ಅಧಿಕಾರಿಯೂ ಇದ್ದುಬಿಟ್ಟರೆ ಮುಗಿಯಿತು.

ಇದರಲ್ಲಿ ಕಳೆದುಹೋದದ್ದು ಮೇಷ್ಟ್ರು. ರಹೀಂ ಹೈದರಾಬಾದಿನ ಶಾಲೆಗಳಲ್ಲಿ ಪಾಠ ಹೇಳಿದವರು, ದೈಹಿಕ ಶಿಕ್ಷಣದಲ್ಲಿ ಡಿಪ್ಲೊಮಾ ಮಾಡಿ ಶಾಲೆಯ ಆಟೋಟ ನೋಡಿಕೊಂಡವರು. ಅವರ ತರಬೇತಿಯಲ್ಲಿ ಆ ಶಾಲೆಯ ಗುರುತಿದೆ. ಬಲಗಾಲು ಪಳಗಿದವರು ಎಡಗಾಲಲ್ಲೇ ಆಡಬೇಕಾದ ಪಂದ್ಯಗಳು, ಚೆಂಡನ್ನು ಕಾಲಲ್ಲೇ ಉರುಳಿಸಿಕೊಂಡು ಓಡುವಂತಿಲ್ಲದ ಪಂದ್ಯಗಳು, ಇವೆಲ್ಲ ಅವರು ಏರ್ಪಡಿಸಿದವು. ಕಾಪಿ ತಿದ್ದುವ ಮೇಷ್ಟ್ರ ತಾಳ್ಮೆ ಇದು. ಅರಕಲಗೂಡಿನ ಕಟ್ಟಪ್ಪಣೆಯ ಅರ್ಥ ನನಗಾದದ್ದು ಇಲ್ಲಿ: ಚೆಂಡು ನಿನ್ನದಲ್ಲ, ಆಟದ್ದು.

ಇಂಥ ದಿನನಿತ್ಯದ ಕೆಲಸವನ್ನು ಕಥೆ ಮಾಡುವುದು ಕಷ್ಟ, ಒಪ್ಪುತ್ತೇನೆ. ಕಲಿಸುವುದರಲ್ಲಿ ತೊಂಬತ್ತು ಪಾಲು ಅದನ್ನೇ ಮತ್ತೆ ಮಾಡಿಸುವುದು, ಅದಕ್ಕೆ ರೋಚಕತೆ ಎಲ್ಲಿಂದ ಬರಬೇಕು? ಆದರೆ ನಮ್ಮ ಜಿಲ್ಲೆಯವರೇ ಆದ ಗೊರೂರು ರಾಮಸ್ವಾಮಿ ಅಯ್ಯಂಗಾರರು ‘ನಮ್ಮ ಊರಿನ ರಸಿಕರು’ ಬರೆದಾಗ ಅವರ ಮುಂದೆ ಇದ್ದದ್ದು ಯಾವ ಪದಕವನ್ನೂ ಗೆಲ್ಲದ ಹಳ್ಳಿಯವರು. ಅವರ ಮಾತು, ಕಸುಬು, ಚಟಗಳನ್ನೇ ನಂಬಿ ಗೊರೂರರು ಬರೆದರು, ಜನ ಜೀವ ತಳೆದರು. ಗೊರೂರರು ರಹೀಂ ಅವರಿಗಿಂತ ಐದೇ ವರ್ಷ ದೊಡ್ಡವರು. ಆ ಕಣ್ಣು ರಹೀಂ ಅವರ ಮೇಲೆ ಬಿದ್ದಿದ್ದರೆ ಜಕಾರ್ತ ಕೊನೆಯ ಪುಟದಲ್ಲಿ ಎರಡು ಸಾಲಾಗುತ್ತಿತ್ತು, ಎಡಗಾಲಿನ ಪಂದ್ಯಕ್ಕೆ ಒಂದು ಅಧ್ಯಾಯವೇ ಸಿಗುತ್ತಿತ್ತು.

ಚಿತ್ರದ ಬಗ್ಗೆ ತೀರಾ ಕಠಿಣವಾಗುವುದೂ ನ್ಯಾಯವಲ್ಲ. ಆಟದ ದೃಶ್ಯಗಳು ಚೆನ್ನಾಗಿವೆ. ರಹೀಂ ಅವರ ಪತ್ನಿಯಾಗಿ ಪ್ರಿಯಾಮಣಿ ಕಡಿಮೆ ಮಾತಿನಲ್ಲಿ ಮನೆಯ ಭಾರವನ್ನು ಕಾಣಿಸುತ್ತಾರೆ. ಫೈನಲ್ಲಿನಲ್ಲಿ ತಲೆಗೆ ಪೆಟ್ಟಾಗಿದ್ದ ಡಿಫೆಂಡರ್ ಜರ್ನೈಲ್ ಸಿಂಗ್ ಫಾರ್ವರ್ಡ್ ಆಗಿ ಆಡಿ ಗೋಲು ಹೊಡೆದದ್ದು, ದಕ್ಷಿಣ ಕೊರಿಯಾ 2-1ರಿಂದ ಸೋತದ್ದು, ಎಲ್ಲ ನಿಜವೇ. ಆದರೆ ಡಿಫೆಂಡರನ್ನು ಮುಂದೆ ಕಳಿಸುವ ಧೈರ್ಯ ಒಂದು ರಾತ್ರಿಯ ಆವೇಶದಲ್ಲಿ ಬರುವಂಥದ್ದಲ್ಲ. ಯಾರ ಕಾಲಲ್ಲಿ ಏನಿದೆಯೆಂದು ವರ್ಷಗಟ್ಟಲೆ ನೋಡಿದವರಿಗೆ ಮಾತ್ರ ಅದು ಬರುತ್ತದೆ. ಆ ವರ್ಷಗಳು ತೆರೆಯ ಮೇಲೆ ಬಲು ಬೇಗ ಓಡಿಹೋಗುತ್ತವೆ.

ಫೈನಲ್ ಮುಗಿದು ಒಂಬತ್ತೇ ತಿಂಗಳಿಗೆ, 1963ರ ಜೂನ್‌ನಲ್ಲಿ, ರಹೀಂ ತೀರಿಕೊಂಡರು. ಜಕಾರ್ತದಲ್ಲಿ ಮೊದಲ ಗೋಲು ಹೊಡೆದ ಪಿ.ಕೆ. ಬ್ಯಾನರ್ಜಿ ಮುಂದೆ ತಾವೂ ತರಬೇತುದಾರರಾದರು. 1970ರ ಬ್ಯಾಂಕಾಕ್ ಏಷ್ಯನ್ ಕೂಟದಲ್ಲಿ ಕಂಚು ಗೆದ್ದ ತಂಡಕ್ಕೆ ತರಬೇತಿ ಕೊಟ್ಟವರಲ್ಲಿ ಒಬ್ಬರು. ಮೇಷ್ಟ್ರ ಜೀವನಚರಿತ್ರೆ ಬರೆಯುವವರು ಅವರ ಸಾವಿನ ಹತ್ತಿರ ನಿಲ್ಲದೆ ಅಲ್ಲಿಯವರೆಗೂ ಹೋಗಬೇಕು. ಅರಕಲಗೂಡಿನ ನಮ್ಮ ಮೇಷ್ಟ್ರಿಗೆ ಇಂಥ ಶಿಷ್ಯರು ಸಿಗಲಿಲ್ಲ, ನನ್ನಂಥವರು ಸಿಕ್ಕೆವು. ಅದಕ್ಕೇ ಇಷ್ಟು ಬರೆದೆ.