ಅಳಿವೆಯ ಬಾಯಲ್ಲಿ ಸೀಸದ ಬೆನ್ನು

ವಯನಾಡಿಗೆ ಕಡಲಿಲ್ಲ. ತಾಮರಶ್ಶೇರಿ ಘಾಟಿಯ ಒಂಬತ್ತು ತಿರುವು ಇಳಿದು ಕಲ್ಲಿಕೋಟೆ ಮುಟ್ಟಿದ ಮೇಲೆಯೇ ನಮಗೆ ಉಪ್ಪುಗಾಳಿ. ಆದರೂ ಕಾಫಿ ಕೊಯ್ಲು ಮುಗಿದು ಕೈಯಲ್ಲಿ ನಾಲ್ಕು ಕಾಸು ಓಡಾಡುವ ಹೊತ್ತಿಗೆ ಬತ್ತೇರಿಯಿಂದಲೋ ಮಾನಂದವಾಡಿಯಿಂದಲೋ ಯಾರಾದರೊಬ್ಬರು ಫೋನು ಮಾಡಿ ಕೇಳಿಯೇ ಕೇಳುತ್ತಾರೆ: ಮಕ್ಕಳಿಗೆ ತಿಮಿಂಗಿಲ ತೋರಿಸಬೇಕಲ್ಲ, ಎಲ್ಲಿಗೆ ಕರಕೊಂಡು ಹೋಗಲಿ?

ಕಾರವಾರಕ್ಕೆ ಹೋಗಿ, ಎನ್ನುತ್ತೇನೆ. ತಿಮಿಂಗಿಲ ಸಿಗುವುದಿಲ್ಲ, ಡಾಲ್ಫಿನ್ ಸಿಗುತ್ತದೆ. ಆ ಕಡೆಯ ದನಿ ಅಲ್ಲಿಗೇ ಇಳಿದುಹೋಗುತ್ತದೆ. ಡಾಲ್ಫಿನ್ನೂ ಹಲ್ಲಿರುವ ತಿಮಿಂಗಿಲಗಳ ಕುಲದ್ದೇ ಎಂದು ಸಮಾಧಾನ ಹೇಳಿದರೆ, ಅಂಗಡಿಯವನು ಅಕ್ಕಿ ಇಲ್ಲ, ನುಚ್ಚು ಇದೆ ಎಂದಂತೆ ಕೇಳಿಸುತ್ತದೋ ಏನೋ. ಮುತ್ತಂಗದ ಕಾಡಿನಲ್ಲಿ ಹುಲಿ ಕಾಣದೆ ಬರೀ ಜಿಂಕೆ ನೋಡಿ ಬಂದವರ ಮುಖವೂ ಹೀಗೇ ಇರುತ್ತದೆ. ಜಿಂಕೆಯನ್ನು ಅವರು ನಿಜವಾಗಿ ನೋಡಿದ್ದಾರೆಯೇ ಎಂಬುದು ಬೇರೆ ಮಾತು.

ನಮ್ಮ ಪಡುವಣ ಕರಾವಳಿಯಲ್ಲಿ ದೋಣಿ ಹತ್ತಿ ನೋಡಬೇಕಾದ ಪ್ರಾಣಿ ಒಂದಿದ್ದರೆ ಅದು ಗೂನುಬೆನ್ನಿನ ಡಾಲ್ಫಿನ್. ಅದಕ್ಕೆ ಆಳದ ನೀಲಿ ನೀರು ಬೇಡ. ನದಿ ತಂದು ಸುರಿದ ಕೆಸರು, ಕಲಕಿದ ಹಸಿರುಗಂದು ನೀರು, ಇಪ್ಪತ್ತು ಮೀಟರಿನೊಳಗಿನ ಆಳ, ಅಲ್ಲಿ ಮೇಯುವ ಮೀನು, ಇಷ್ಟು ಸಾಕು. ಕಾಳಿ ನದಿ ಕಡಲು ಸೇರುವ ಕಾರವಾರದ ಅಳಿವೆಯಲ್ಲಿ ಇವೆಲ್ಲ ಒಟ್ಟಿಗಿವೆ. ಒಂದು ಕಡೆ ಸದಾಶಿವಗಡದ ಗುಡ್ಡ, ಅದರಾಚೆ ದೇವಬಾಗದ ಮರಳು ನಾಲಿಗೆ, ಎದುರಿಗೆ ಕೂರ್ಮಗಡ ದ್ವೀಪ, ಇನ್ನೂ ಆಚೆ ದೀಪಸ್ತಂಭ ಹೊತ್ತ ದೇವಗಡ. ದ್ವೀಪಗಳ ಮರೆಯಲ್ಲಿ ನೀರು ತಣ್ಣಗೆ ಮಲಗಿರುತ್ತದೆ. ಅಂಥ ನೀರಿನಲ್ಲಿ ಬೆನ್ನೊಂದು ಎದ್ದರೆ ದೂರದಿಂದಲೇ ಗೊತ್ತಾಗುತ್ತದೆ.

ಬೆಳಿಗ್ಗೆಯೇ ಹೊರಡಬೇಕು. ಮಧ್ಯಾಹ್ನದ ಮೇಲೆ ವಾಯವ್ಯದ ಗಾಳಿ ಎದ್ದು ನೀರಿನ ಮೈ ಸುಕ್ಕುಗಟ್ಟಿದರೆ ಪ್ರತಿ ಅಲೆಯೂ ಡಾಲ್ಫಿನ್ನಿನಂತೆಯೇ ಕಾಣುತ್ತದೆ. ಫೈಬರ್ ದೋಣಿಯ ಇಂಜಿನ್ ನಿಲ್ಲಿಸಿದ ಮೇಲೆ ಕಣ್ಣಿಗಿಂತ ಮೊದಲು ಕಿವಿಗೆ ಕೆಲಸ. ಎಡಕ್ಕೋ ಹಿಂದಕ್ಕೋ ‘ಫುಸ್ಸ್’ ಎಂದು ಉಸಿರು ಬಿಟ್ಟ ಸದ್ದು. ತಿರುಗುವಷ್ಟರಲ್ಲಿ ಉದ್ದ ಮೂತಿ ಓರೆಯಾಗಿ ಮೇಲೆದ್ದಿರುತ್ತದೆ. ಹಿಂದೆಯೇ ಹಣೆ, ಆಮೇಲೆ ಬೆನ್ನಿನ ದಿಬ್ಬ. ಆ ದಿಬ್ಬದ ತುದಿಯಲ್ಲಿ ಆಮೇಲೆ ಯಾರೋ ಅಂಟಿಸಿದಂತೆ ಒಂದು ಪುಟ್ಟ ಈಜುರೆಕ್ಕೆ. ಬೆನ್ನು ಕಮಾನಾಗಿ ಬಾಗುತ್ತದೆ, ಕೆಲವೊಮ್ಮೆ ಬಾಲವೂ ಮೇಲೆದ್ದು ನೀರು ಸುರಿಸಿಕೊಂಡು ಒಳಗಿಳಿಯುತ್ತದೆ. ಹೀಗೆ ಬಾಲ ಎತ್ತಿತೆಂದರೆ ತಳಕ್ಕೆ ಹೋಯಿತೆಂದೇ ಲೆಕ್ಕ, ಇನ್ನು ಸ್ವಲ್ಪ ಹೊತ್ತು ಕಾಯಬೇಕು. ಹತ್ತಿರ ಬಂದಾಗ ನೋಡಿದರೆ ಮೈಮೇಲೆ ಬಿಳಿ ಗೀರುಗಳು, ರೆಕ್ಕೆಯ ಅಂಚಿನಲ್ಲಿ ಕಚ್ಚು. ಕೆಲವು ತಮ್ಮತಮ್ಮಲ್ಲೇ ಕಚ್ಚಾಡಿದ ಗುರುತು, ಕೆಲವು ಬಲೆಯ ಹಗ್ಗ ಕೊರೆದದ್ದು. ಅಧ್ಯಯನ ಮಾಡುವವರು ಈ ಕಚ್ಚುಗಳ ಫೋಟೊ ತೆಗೆದೇ ಇದು ಇಂಥದ್ದು ಎಂದು ಗುರುತು ಹಿಡಿಯುವುದು. ಮರಿಗಳ ಬಣ್ಣ ತಿಳಿ. ತಾಯಿಯ ಪಕ್ಕೆಗೆ ಅಂಟಿಕೊಂಡೇ ಏಳುತ್ತವೆ, ತಾಯಿಗಿಂತ ಹೆಚ್ಚು ಸಲ ಉಸಿರು ತೆಗೆಯುತ್ತವೆ.

ಮೈಬಣ್ಣ ಸೀಸದ್ದು. ಪ್ರಾಣಿಶಾಸ್ತ್ರದ ಪುಸ್ತಕಕ್ಕೆ ಇದನ್ನು ಸೇರಿಸಿದವನು ಫ್ರಾನ್ಸಿನ ಜಾರ್ಜ್ ಕ್ಯುವಿಯೆ, 1829ರಲ್ಲಿ. ಅವನು ಕಡಲಿಗಿಳಿದು ನೋಡಿದ್ದಲ್ಲ. ಹಡಗು ವ್ಯಾಪಾರಿ ದುಸ್ಸುಮಿಯೆ ಮಲಬಾರ್ ಕರಾವಳಿಯಿಂದ ತಲುಪಿಸಿದ ಮಾದರಿಯ ಮೇಲೆ ಬರೆದದ್ದು. ಅಂದರೆ ದಕ್ಷಿಣ ಆಫ್ರಿಕದಿಂದ ನಮ್ಮ ಪಡುಕರಾವಳಿಯವರೆಗೆ ಹಬ್ಬಿರುವ ಈ ಜಾತಿಯ ಮೂಲ ವಿಳಾಸ ನಮ್ಮದೇ ಮಲಬಾರು. ಇಂಥ ಡಾಲ್ಫಿನ್‌ಗಳನ್ನೆಲ್ಲ ಬಹುಕಾಲ ಒಂದೇ ಗಂಟಿನಲ್ಲಿ ಕಟ್ಟಿಡುತ್ತಿದ್ದರು; 2014ರಲ್ಲಿ ಗಂಟು ಬಿಚ್ಚಿ ನಾಲ್ಕು ಜಾತಿ ಮಾಡಿದರು. ಬೇರೆಯಾಗಿ ಎಣಿಸಿದ ಮೇಲೆ ನಮ್ಮದು ಅಳಿವಿನಂಚಿನ ಪಟ್ಟಿಗೆ ಸೇರಿತು. ಮೇಪ್ಪಾಡಿಯ ಸೂಚಿಪ್ಪಾರ ಜಲಪಾತದ ನೀರು ಚಾಲಿಯಾರ್ ಸೇರಿ ಬೇಪೂರಿನಲ್ಲಿ ಕಡಲಿಗೆ ಬೀಳುತ್ತದಲ್ಲ, ಅಂಥ ಅಳಿವೆಗಳೇ ಇದರ ಮನೆ. ವಯನಾಡಿಗೆ ಕಡಲಿಲ್ಲ ಎಂದೆ, ಅಷ್ಟರಮಟ್ಟಿಗೆ ಅದು ಪೂರ್ತಿ ನಿಜವಲ್ಲ.

ಈ ಜಾಡಿನಲ್ಲಿ ಇನ್ನೊಬ್ಬನ ಹೆಸರು ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. 1824ರ ಅಕ್ಟೋಬರ್‌ನಲ್ಲಿ ಕಿತ್ತೂರಿನಲ್ಲಿ ಕಲೆಕ್ಟರ್ ಥ್ಯಾಕರೆ ಸತ್ತಾಗ ರಾಣಿ ಚೆನ್ನಮ್ಮನ ಕಡೆಯವರು ಇಬ್ಬರು ಬ್ರಿಟಿಷ್ ಅಧಿಕಾರಿಗಳನ್ನು ಸೆರೆ ಹಿಡಿದರು. ಅವರಲ್ಲೊಬ್ಬ ವಾಲ್ಟರ್ ಎಲಿಯಟ್. ಆಮೇಲೆ ಧಾರವಾಡದ ಕಡೆಯ ನೂರಾರು ಶಾಸನಗಳನ್ನು ನಕಲು ಮಾಡಿಸಿದ, ಚಾಲುಕ್ಯರ ಚರಿತ್ರೆಗೆ ಬುನಾದಿ ಹಾಕಿದವರಲ್ಲಿ ಒಬ್ಬ. ಶಾಸನ ಓದುವವರಿಗೆ ಅವನು ಗೊತ್ತು, ತಿಮಿಂಗಿಲ ನೋಡುವವರಿಗೆ ಗೊತ್ತಿಲ್ಲ. ಮುಂದೆ ಮದ್ರಾಸ್ ಪ್ರಾಂತ್ಯದ ಪೂರ್ವ ಕರಾವಳಿಗೆ ವರ್ಗವಾದ ಇದೇ ಎಲಿಯಟ್, ವಿಶಾಖಪಟ್ಟಣದ ಸುತ್ತ ಸಿಕ್ಕ ಡಾಲ್ಫಿನ್ ಮತ್ತು ಪುಟ್ಟ ತಿಮಿಂಗಿಲಗಳ ತಲೆಬುರುಡೆ, ಚಿತ್ರಗಳನ್ನು ಲಂಡನ್ನಿನ ಪ್ರಾಣಿಶಾಸ್ತ್ರಜ್ಞ ರಿಚರ್ಡ್ ಓವೆನ್‌ಗೆ ಮುಟ್ಟಿಸಿದ. ಓವೆನ್ 1866ರಲ್ಲಿ ಅವುಗಳ ಆಧಾರದ ಮೇಲೆ ಬರೆದ ಪ್ರಬಂಧದಿಂದಲೇ ಐರಾವತಿ ಡಾಲ್ಫಿನ್ ಮತ್ತು ಕುಬ್ಜ ಸ್ಪರ್ಮ್ ತಿಮಿಂಗಿಲ ಲೋಕಕ್ಕೆ ಪರಿಚಯವಾದವು. ಚಿಲಿಕಾ ಸರೋವರದಲ್ಲಿ ಇಂದು ಪ್ರವಾಸಿಗರು ದೋಣಿ ಹತ್ತಿ ನೋಡಲು ಹೋಗುವುದು ಆ ಐರಾವತಿ ಡಾಲ್ಫಿನ್ನನ್ನೇ. ಕಿತ್ತೂರಿನಲ್ಲಿ ಅವನ ಪ್ರಾಣಕ್ಕೇನಾದರೂ ಆಗಿದ್ದರೆ ಕನ್ನಡ ಶಾಸನಗಳ ಜೊತೆಗೆ ಈ ಪರಿಚಯವೂ ತಡವಾಗುತ್ತಿತ್ತು.

ಮತ್ತೆ ಕಾರವಾರಕ್ಕೆ ಬರೋಣ. ಅಲ್ಲಿ ನನಗಿರುವ ತಕರಾರು ಡಾಲ್ಫಿನ್ನಿನ ಮೇಲಲ್ಲ, ದೋಣಿಗಳ ಮೇಲೆ. ಕಾರವಾರ ಎಂದು ಒಂದೇ ಊರನ್ನು ಬೈದರೆ ತಪ್ಪಾದೀತು. ಗೋಕರ್ಣದಲ್ಲೂ ಗೋವಾದಲ್ಲೂ ಇದೇ ಕಥೆ. ಒಂದು ಬೆನ್ನು ಎದ್ದಿತೆಂದರೆ ಸುತ್ತಲಿನ ದೋಣಿಗಳೆಲ್ಲ ಅತ್ತ ನುಗ್ಗುತ್ತವೆ. ಅದು ಮುಳುಗಿ ಇನ್ನೊಂದು ಕಡೆ ಎದ್ದರೆ ಇತ್ತ ನುಗ್ಗುತ್ತವೆ. ಶಿಳ್ಳೆ, ಕೂಗು, ಮೊಬೈಲು. ಕಲಕಿದ ನೀರಿನಲ್ಲಿ ಬದುಕುವ ಡಾಲ್ಫಿನ್ನಿಗೆ ಕಣ್ಣಿಗಿಂತ ಕಿವಿಯೇ ದೊಡ್ಡದು. ತಾನೇ ಸದ್ದು ಮಾಡಿ, ಅದರ ಮಾರ್ದನಿ ಕೇಳಿ ಮೀನು ಎಲ್ಲಿದೆ, ಮರಿ ಎಲ್ಲಿದೆ ಎಂದು ತಿಳಿಯುತ್ತದೆ. ಔಟ್‌ಬೋರ್ಡ್ ಇಂಜಿನ್ ಅದರ ತಲೆಯ ಮೇಲೆ ತಿರುಗುತ್ತಿದ್ದರೆ ಅದು ಬೇಟೆ ಬಿಟ್ಟು ತಪ್ಪಿಸಿಕೊಳ್ಳುವುದರಲ್ಲೇ ಬೆಳಗು ಕಳೆಯುತ್ತದೆ. ನಮಗೂ ಲಾಭವಿಲ್ಲ, ಓಡಿಸಿದವರಿಗೆ ಕಾಣುವುದು ಹೋಗುತ್ತಿರುವ ಬೆನ್ನು ಮಾತ್ರ.

ದೋಣಿ ನಡೆಸುವ ಒಬ್ಬ ತಾಂಡೇಲನನ್ನು ಕೇಳಿದೆ, ಅಣ್ಣಾ, ಸ್ವಲ್ಪ ದೂರದಲ್ಲೇ ನಿಲ್ಲಿಸಬಾರದೇ? “ನಿಮಗೆ ಗೊತ್ತುಂಟು ಸರ್, ನೀವು ಕೂತ್ಕೊಳ್ತೀರಿ. ಉಳಿದವ್ರು ದುಡ್ಡು ಕೊಟ್ಟೇವಲ್ಲ, ಜಿಗಿಯೂದು ತೋರಿಸು ಅಂತಾರೆ. ನಾ ನಿಂತ್ರೆ ಬಾಜೂ ದೋಣಿಯವ ಹೋಗ್ತಾನೆ, ನಾಳೆ ಗಿರಾಕಿ ಅವಗೇ.” ಗೂನುಬೆನ್ನಿನ ಡಾಲ್ಫಿನ್ ಟಿವಿಯಲ್ಲಿ ಕಾಣುವ ಡಾಲ್ಫಿನ್ನಿನಂತೆ ಮಾತೆತ್ತಿದರೆ ಜಿಗಿಯುವ ಪ್ರಾಣಿಯಲ್ಲ. ಮೈಸುತ್ತಿ ಹಾರಬೇಕೆಂದರೆ ಆಳ ಕಡಲಿನ ಸ್ಪಿನ್ನರ್ ಡಾಲ್ಫಿನ್ ಬೇಕು. ಕಾರವಾರದಲ್ಲಿ ‘ಜಿಗಿಸು’ ಎಂದು ದುಂಬಾಲು ಬೀಳುವುದು ನಮ್ಮ ತೋಲ್ಪೆಟ್ಟಿ ಕಾಡಿನಲ್ಲಿ ಕಾಡೆಮ್ಮೆಯನ್ನು ಕುಣಿಸು ಎಂದಂತೆ.

ತೋಲ್ಪೆಟ್ಟಿಯ ಹೆಸರು ಸುಮ್ಮನೆ ತೆಗೆಯಲಿಲ್ಲ. ಕಾಡಿನಲ್ಲಿ ಜೀಪಿನಿಂದ ಇಳಿಯಬಾರದು, ಕೂಗಬಾರದು, ಆನೆ ಅಡ್ಡ ಬಂದರೆ ಹಿಂದಕ್ಕೆ ಸರಿಯಬೇಕು ಎಂಬುದು ವಯನಾಡಿನ ಶಾಲಾಮಕ್ಕಳಿಗೂ ಗೊತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೇ ಷೆಡ್ಯೂಲಿನಲ್ಲಿ ಆನೆ ಇರುವ ಕಡೆಯೇ ಡಾಲ್ಫಿನ್ನೂ ಇದೆ, ತಿಮಿಂಗಿಲವೂ ಇದೆ. ಆನೆಯ ಹಿಂದೆ ಜೀಪು ಅಟ್ಟಿಸಿಕೊಂಡು ಹೋದರೆ ಮರುದಿನ ಪತ್ರಿಕೆಯಲ್ಲಿ ಬರುತ್ತದೆ. ಡಾಲ್ಫಿನ್ನಿನ ಹಿಂದೆ ದೋಣಿ ಅಟ್ಟಿಸಿಕೊಂಡು ಹೋದರೆ ಟಿಕೆಟ್ ಹರಿಯುತ್ತಾರೆ. ಆಸ್ಟ್ರೇಲಿಯದ ಮಾರ್ಗಸೂಚಿಯಲ್ಲಿ ದೋಣಿ ತಿಮಿಂಗಿಲದಿಂದ 100 ಮೀಟರ್, ಡಾಲ್ಫಿನ್ನಿನಿಂದ 50 ಮೀಟರ್ ದೂರ ಇರಬೇಕು. ಅಷ್ಟು ದೂರ ಬಿಟ್ಟು ನಿಂತರೆ ಅವೇ ಹತ್ತಿರ ಬರುವುದುಂಟು. ಆಗ ನೋಡುವ ಹಕ್ಕು ನಮ್ಮದು.

ಇನ್ನು ತಿಮಿಂಗಿಲದ ಮಾತು. ನಮ್ಮ ಕಡಲಿನಲ್ಲಿ ಇಲ್ಲವೆಂದಲ್ಲ. 2017ರ ನವೆಂಬರ್‌ನಲ್ಲಿ ಒಮಾನಿನ ಮಸೀರಾ ಕೊಲ್ಲಿಯಲ್ಲಿ ಒಂದು ಹೆಣ್ಣು ಹಂಪ್‌ಬ್ಯಾಕ್ ತಿಮಿಂಗಿಲಕ್ಕೆ ಉಪಗ್ರಹದ ಟ್ಯಾಗ್ ಹಾಕಿದರು. ಲುಬಾನ್ ಎಂದು ಹೆಸರು. ಅದು ಅರಬ್ಬೀ ಸಮುದ್ರವನ್ನು ಅಡ್ಡ ಹಾಯ್ದು ಡಿಸೆಂಬರ್‌ನಲ್ಲಿ ಗೋವಾದ ಕಡಲಿಗೆ ಬಂತು, ಅಲ್ಲಿಂದ ಕರಾವಳಿಗುಂಟ ಕನ್ಯಾಕುಮಾರಿಯ ದಿಕ್ಕಿಗೆ ಇಳಿಯಿತು. ಕಾರವಾರ, ಮಲ್ಪೆ, ಕಲ್ಲಿಕೋಟೆಯ ಆಚೆಗೆ ಅದು ಸಾಗುತ್ತಿದ್ದ ದಿನಗಳಲ್ಲಿ ದಡದ ಮೇಲೆ ನಾವು ಕ್ರಿಸ್‌ಮಸ್ ರಜೆಯಲ್ಲಿ ಪಾನಿಪುರಿ ತಿನ್ನುತ್ತಿದ್ದೆವು. ಬೇರೆ ಹಂಪ್‌ಬ್ಯಾಕ್‌ಗಳು ಧ್ರುವದ ತಣ್ಣೀರಿಗೂ ಬಿಸಿನೀರಿಗೂ ವರ್ಷವರ್ಷ ಓಡಾಡುತ್ತವೆ. ಅರಬ್ಬೀ ಸಮುದ್ರದವು ಎಲ್ಲಿಗೂ ಹೋಗುವುದಿಲ್ಲ, ಮುಂಗಾರು ಕಡೆದೆಬ್ಬಿಸುವ ಆಹಾರ ಇಲ್ಲೇ ಸಿಗುತ್ತದೆ. ಸುಮಾರು 70,000 ವರ್ಷಗಳಿಂದ ಇವು ಬೇರೆಯವುಗಳ ಜೊತೆ ಬೆರೆತಿಲ್ಲವೆಂದು ವಂಶವಾಹಿಯ ಅಧ್ಯಯನ ಹೇಳುತ್ತದೆ. ಒಮಾನಿನ ಕಡಲಲ್ಲಿ ಎಣಿಸಿ ಅಂದಾಜು ಮಾಡಿದ ಸಂಖ್ಯೆ ನೂರಕ್ಕಿಂತ ಕಡಿಮೆ. 1960ರ ದಶಕದಲ್ಲಿ ಸೋವಿಯತ್ ಹಡಗುಗಳು ಕಳ್ಳತನದಲ್ಲಿ ಇಲ್ಲಿಗೆ ಬಂದು ಸುಮಾರು 240 ಹಂಪ್‌ಬ್ಯಾಕ್‌ಗಳನ್ನು ಕೊಂದುಹಾಕಿದ್ದವು. ಸೋವಿಯತ್ ಒಕ್ಕೂಟ ಮುರಿದುಬಿದ್ದ ಮೇಲೆಯೇ ಆ ಲೆಕ್ಕ ಹೊರಬಿದ್ದದ್ದು. ಹಿಂದೂ ಮಹಾಸಾಗರ ತಿಮಿಂಗಿಲಗಳ ಅಭಯಾರಣ್ಯವಾದದ್ದು 1979ರಲ್ಲಿ, ಪುಟ್ಟ ಸೇಶೆಲ್ಸ್ ದೇಶದ ಒತ್ತಾಯದಿಂದ.

ನೀಲಿ ತಿಮಿಂಗಿಲವೂ ಇದೆ. ಸಂಶೋಧಕಿ ದಿವ್ಯಾ ಪಣಿಕ್ಕರ್ ಲಕ್ಷದ್ವೀಪದ ಕಡಲತಳದಲ್ಲಿ ಇಟ್ಟ ಧ್ವನಿಗ್ರಾಹಕಗಳಲ್ಲಿ ಅದರ ಹಾಡು ದಾಖಲಾಗಿದೆ, ಹೆಚ್ಚಾಗಿ ಏಪ್ರಿಲ್-ಮೇ ತಿಂಗಳಲ್ಲಿ, ಮುಂಗಾರಿಗೆ ಮೊದಲು. ಆದರೂ ನಾನು ಯಾರನ್ನೂ ಅದಕ್ಕಾಗಿ ದೋಣಿ ಹತ್ತಿಸುವುದಿಲ್ಲ. ಕಾರಣ ಕಡಲತಳದಲ್ಲೇ ಇದೆ. ನಮ್ಮ ಕರಾವಳಿಯ ಮುಂದೆ ಆಳವಿಲ್ಲದ ಜಗಲಿಯೊಂದು ಹಲವು ಹತ್ತು ಕಿಲೋಮೀಟರ್ ಹಬ್ಬಿದೆ, ದೊಡ್ಡ ತಿಮಿಂಗಿಲಗಳ ಸಂಚಾರ ಹೆಚ್ಚಾಗಿ ಅದರ ಅಂಚಿನಾಚೆ. ಬೆಳಿಗ್ಗೆ ಹೋಗಿ ಮಧ್ಯಾಹ್ನದ ಊಟಕ್ಕೆ ಮರಳುವ ದೋಣಿ ಆ ಅಂಚು ಮುಟ್ಟುವುದಿಲ್ಲ. ಶ್ರೀಲಂಕಾದ ತೆಂಕಣ ತುದಿಯಲ್ಲಿ ಈ ಜಗಲಿ ತೀರ ಕಿರಿದು, ಆದ್ದರಿಂದಲೇ ಮಿರಿಸ್ಸದಲ್ಲಿ ನವೆಂಬರ್‌ನಿಂದ ಏಪ್ರಿಲ್‌ವರೆಗೆ ದಡದಿಂದ ಸ್ವಲ್ಪ ದೂರದಲ್ಲೇ ನೀಲಿ ತಿಮಿಂಗಿಲ ನೀರು ಚಿಮ್ಮುತ್ತದೆ. ತಿಮಿಂಗಿಲವೇ ಬೇಕೆಂದು ಹಟ ಹಿಡಿದವರು ಅಲ್ಲಿಗೆ ಹೋಗಲಿ. ಅಲ್ಲಿಯೂ ದೋಣಿಗಳ ಸಂತೆಯಿದೆ, ಜೊತೆಗೆ ಜಗತ್ತಿನ ಅತಿ ದಟ್ಟಣೆಯ ಹಡಗುದಾರಿಗಳಲ್ಲೊಂದು ಅದೇ ಜಾಗದಲ್ಲಿ ಹಾಯುತ್ತದೆ. 2022ರಲ್ಲಿ ಎಂಎಸ್‌ಸಿ ಎಂಬ ದೊಡ್ಡ ಕಂಟೇನರ್ ಕಂಪನಿ ತನ್ನ ಹಡಗುಗಳನ್ನು ಇನ್ನಷ್ಟು ದಕ್ಷಿಣಕ್ಕೆ ಸರಿಸಿತು. ಎಲ್ಲರೂ ಸರಿದಿಲ್ಲ.

ನಮ್ಮ ಪತ್ರಿಕೆಗಳಿಗೆ ತಿಮಿಂಗಿಲ ನೆನಪಾಗುವುದು ಎರಡೇ ಸಂದರ್ಭದಲ್ಲಿ. ಒಂದು, ಸತ್ತು ದಡಕ್ಕೆ ಬಿದ್ದಾಗ. 2023ರ ಸೆಪ್ಟೆಂಬರ್ ಕೊನೆಗೆ ಕಲ್ಲಿಕೋಟೆಯ ತೀರಕ್ಕೆ ಬಂದ ನೀಲಿ ತಿಮಿಂಗಿಲದ ಹೆಣ ನೋಡಲು ಜಾತ್ರೆಯೇ ನೆರೆದಿತ್ತು. ಇನ್ನೊಂದು, ‘ತಿಮಿಂಗಿಲ ವಾಂತಿ’ ಮಾರುವವರು ಪೊಲೀಸರ ಕೈಗೆ ಸಿಕ್ಕಿದಾಗ. ಅದು ಸ್ಪರ್ಮ್ ತಿಮಿಂಗಿಲದ ಕರುಳಿನಲ್ಲಿ, ಜೀರ್ಣವಾಗದ ಬೊಂಡಾಸ್ (ಸ್ಕ್ವಿಡ್) ಕೊಕ್ಕುಗಳ ಸುತ್ತ ಗಟ್ಟಿಯಾಗುವ ವಸ್ತು. ಇಟ್ಟುಕೊಳ್ಳುವುದೂ ಮಾರುವುದೂ ಅಪರಾಧ. ಕೋಟಿಗಳ ಲೆಕ್ಕ ತಪ್ಪದೆ ಹೆಡ್‌ಲೈನಿಗೆ ಬರುತ್ತದೆ, ಆ ಪ್ರಾಣಿಯ ಬಗ್ಗೆ ಎರಡು ಸಾಲೂ ಇರುವುದಿಲ್ಲ.

ಕಾರವಾರಕ್ಕೆ ಹೊರಟವರಿಗೆ ಇನ್ನೆರಡು ಮಾತು. ಕಲ್ಲಿಕೋಟೆಯಿಂದ ನೇತ್ರಾವತಿ ಎಕ್ಸ್‌ಪ್ರೆಸ್ ಕೊಂಕಣ ರೈಲುದಾರಿಯಲ್ಲಿ ಕಾರವಾರ ಮುಟ್ಟಿಸುತ್ತದೆ. ಮಳೆಗಾಲದಲ್ಲಿ ಕಡಲಿಗೆ ದೋಣಿ ಇಳಿಯುವುದಿಲ್ಲ, ಅಕ್ಟೋಬರ್‌ನಿಂದ ಮಾರ್ಚ್ ಒಳ್ಳೆಯದು. ಒಂದು ದಿನ ಹೆಚ್ಚಿಗಿದ್ದರೆ ಮುರ್ಡೇಶ್ವರಕ್ಕೆ ಬಂದು ನೇತ್ರಾಣಿಗೆ ಹೋಗಿ, ಬಿಳಿಹೊಟ್ಟೆಯ ಕಡಲಹದ್ದುಗಳ ಗೂಡಿರುವ ದ್ವೀಪ ಅದು. ದಾರಿಯಲ್ಲಿ ಕಡಲಾಮೆಯ ತಲೆಯೋ, ನೀರಿನ ಮೇಲೆ ತೇಲುವ ಕಡಲಹಾವೋ ಕಂಡರೂ ಕಾಣಬಹುದು. ಬಾಲ ಹುಟ್ಟಿನಂತೆ ಚಪ್ಪಟೆ ಇದ್ದರೆ ಕಡಲಹಾವೇ, ಕೈ ಹಾಕಬೇಡಿ, ವಿಷ ಜೋರು. ರೀವ ಹಕ್ಕಿಗಳು ಒಂದೆಡೆ ಗುಂಪುಗೂಡಿ ನೀರಿಗೆ ಧುಮುಕುತ್ತಿದ್ದರೆ ಕೆಳಗೆ ಬೂತಾಯಿಯ ಹಿಂಡಿದೆ ಎಂದರ್ಥ, ಡಾಲ್ಫಿನ್ ಅಲ್ಲಿಗೆ ಬರುವ ಸಂಭವವಿದೆ. ಅದೃಷ್ಟ ತೀರಾ ಚೆನ್ನಾಗಿದ್ದರೆ ಬೆನ್ನಿಗೆ ರೆಕ್ಕೆಯೇ ಇಲ್ಲದ ಕಡಲಹಂದಿ ಕಂಡೀತು. ಕಪ್ಪು ಬೆನ್ನು ಒಮ್ಮೆ ಹೊಳೆದು ಮುಳುಗಿತೆಂದರೆ ಮುಗಿಯಿತು, ಫೋಟೊ ಸಿಗುವುದಿಲ್ಲ.

ದೋಣಿ ಮಾತಾಡುವಾಗಲೇ ತಾಂಡೇಲನಿಗೆ ಹೇಳಿಬಿಡಿ: ಡಾಲ್ಫಿನ್ ಕಾಣಲಿ ಬಿಡಲಿ, ಬಾಡಿಗೆ ಪೂರ್ತಿ ಕೊಡುತ್ತೇವೆ, ಕಂಡ ಕೂಡಲೇ ಇಂಜಿನ್ ಬಂದ್ ಮಾಡು. ಸಾಧ್ಯವಾದರೆ ನಾಲ್ಕು ಮನೆಯವರು ಸೇರಿ ಇಡೀ ದೋಣಿ ಹಿಡಿಯಿರಿ, ಆಗ ಬಾಜೂ ಗಿರಾಕಿಯ ಅವಸರಕ್ಕೆ ನೀವು ಸಿಕ್ಕಿಬೀಳುವುದಿಲ್ಲ.