ವಿಮಾನದ ಕ್ಯಾಮರಾ, ದನಗಾಹಿಯ ದುರ್ಬೀನು

1999ರ ಮೇ ತಿಂಗಳ ಮೊದಲ ವಾರ. ಲಡಾಖಿನ ಬಟಾಲಿಕ್ ಭಾಗದ ಗರ್ಕೋನ್ ಎಂಬ ಹಳ್ಳಿಯ ತಾಶಿ ನಮ್‌ಗ್ಯಾಲ್ ಎಂಬ ದನಗಾಹಿ ತಪ್ಪಿಸಿಕೊಂಡ ತನ್ನ ಯಾಕನ್ನು ಹುಡುಕುತ್ತಾ ಬೆಟ್ಟ ಹತ್ತಿದ. ಕೈಯಲ್ಲೊಂದು ದುರ್ಬೀನು. ಅದರಲ್ಲಿ ಅವನಿಗೆ ಕಂಡದ್ದು ಯಾಕ್ ಅಲ್ಲ, ಹಿಮ ಸರಿಸಿ ಕಲ್ಲು ಜೋಡಿಸುತ್ತಿದ್ದ ಅಪರಿಚಿತ ಮನುಷ್ಯರು. ಕೆಳಗಿಳಿದು ಬಂದವನೇ ಸೇನೆಯ ಠಾಣೆಗೆ ಸುದ್ದಿ ಮುಟ್ಟಿಸಿದ. ಅಲ್ಲಿಂದ ಶುರುವಾದದ್ದು ಜುಲೈ 26ರವರೆಗೆ ನಡೆದು, ನಮ್ಮ ಕಡೆಯ ಐನೂರಕ್ಕೂ ಹೆಚ್ಚು ಯೋಧರ ಪ್ರಾಣ ತೆಗೆದುಕೊಂಡ ಕಾರ್ಗಿಲ್ ಯುದ್ಧ.

ಆ ಚಳಿಗಾಲವಿಡೀ ಅದೇ ಬೆಟ್ಟಗಳ ಮೇಲೆ ಸೇನೆಯ ಹೆಲಿಕಾಪ್ಟರುಗಳು ಹಾರಾಡಿದ್ದವು. ಬಾಹ್ಯಾಕಾಶದಲ್ಲಿ ನಮ್ಮದೇ ಉಪಗ್ರಹಗಳಿದ್ದವು. 1963ರಿಂದಲೂ ವಿಮಾನದಿಂದ ಫೋಟೋ ತೆಗೆಯುವುದನ್ನೇ ಕಸುಬಾಗಿಸಿಕೊಂಡ ಒಂದು ಪ್ರತ್ಯೇಕ ಸಂಸ್ಥೆ, ಏವಿಯೇಶನ್ ರಿಸರ್ಚ್ ಸೆಂಟರ್, ದೇಶದ ಬೇಹುಗಾರಿಕೆಯ ವ್ಯವಸ್ಥೆಯೊಳಗಿತ್ತು. ಇಷ್ಟೆಲ್ಲಾ ಕಣ್ಣುಗಳಿಗೆ ಕಾಣದ್ದು ಒಬ್ಬ ದನಗಾಹಿಗೆ ಕಂಡಿದ್ದು ಹೇಗೆ? ಈ ಪ್ರಶ್ನೆಗೆ ಸರಕಾರ ಕೊಟ್ಟ ಅಧಿಕೃತ ಉತ್ತರವೇ ಕಾರ್ಗಿಲ್ ಪರಿಶೀಲನಾ ಸಮಿತಿಯ ವರದಿ. ಕೆ. ಸುಬ್ರಹ್ಮಣ್ಯಂ ಅಧ್ಯಕ್ಷತೆಯ ಈ ಸಮಿತಿಯಲ್ಲಿ ಲೆಫ್ಟಿನೆಂಟ್ ಜನರಲ್ ಕೆ.ಕೆ. ಹಜಾರಿ, ಪತ್ರಕರ್ತ ಬಿ.ಜಿ. ವರ್ಗೀಸ್, ಸತೀಶ್ ಚಂದ್ರ ಇದ್ದರು. 2000ದ ಫೆಬ್ರವರಿಯಲ್ಲಿ ಸಂಸತ್ತಿನಲ್ಲಿ ಮಂಡನೆಯಾದ ವರದಿ ಅದೇ ವರ್ಷ 'ಫ್ರಂ ಸರ್‌ಪ್ರೈಸ್ ಟು ರೆಕನಿಂಗ್' ಎಂಬ ಹೆಸರಿನಲ್ಲಿ ಪುಸ್ತಕವಾಗಿಯೂ ಬಂತು. ಭದ್ರತೆಯ ಕಾರಣಕ್ಕೆ ಕೆಲವು ಭಾಗಗಳನ್ನು ಕೈಬಿಟ್ಟಿದ್ದರೂ ನಮ್ಮ ದೇಶದಲ್ಲಿ ಒಂದು ಯುದ್ಧದ ಕುರಿತು ಇಷ್ಟು ಬೇಗ, ಇಷ್ಟು ಬಿಚ್ಚು ಮಾತಿನ ದಾಖಲೆ ಜನರ ಕೈಗೆ ಸಿಕ್ಕಿದ್ದು ಅಪರೂಪ. 1962ರ ಸೋಲಿನ ಕುರಿತಾದ ಹೆಂಡರ್ಸನ್ ಬ್ರೂಕ್ಸ್ ವರದಿಯನ್ನು ಸರಕಾರ ಇವತ್ತಿಗೂ ಅಧಿಕೃತವಾಗಿ ಬಿಡುಗಡೆ ಮಾಡಿಲ್ಲ ಎಂಬುದನ್ನು ನೆನೆದರೆ ಈ ಸಮಿತಿಗೆ ಕೃತಜ್ಞತೆ ಹೇಳಲೇಬೇಕು. ಕೃತಜ್ಞತೆ ಹೇಳಿದ ಮೇಲೆ ತಕರಾರನ್ನೂ ಹೇಳಬೇಕು.

ವರದಿಯ ಪ್ರಕಾರ ಈ ಅತಿಕ್ರಮಣ ಸರಕಾರಕ್ಕೆ, ಸೇನೆಗೆ, ಬೇಹುಗಾರಿಕಾ ಸಂಸ್ಥೆಗಳಿಗೆ ಪೂರ್ತಿ ಅನಿರೀಕ್ಷಿತವಾಗಿತ್ತು. ಚಳಿಗಾಲದ ಹೆಲಿಕಾಪ್ಟರ್ ಗಸ್ತು ಯಾಕೆ ವಿಫಲವಾಯಿತು ಎಂಬುದಕ್ಕೆ ಅದು ಕೊಡುವ ಕಾರಣಗಳು ಸರಳವಾಗಿವೆ. ಹೆಲಿಕಾಪ್ಟರಿನ ಕಂಪನದಿಂದಾಗಿ ಸ್ಪಷ್ಟವಾಗಿ ನೋಡುವುದು ಕಷ್ಟ. ಅದರ ಸದ್ದು ದೂರದಿಂದಲೇ ಕೇಳುವುದರಿಂದ ಕೆಳಗಿದ್ದವರು ಅಲುಗಾಡದೆ ಕುಳಿತುಬಿಡಬಹುದು. ಮೇಲಾಗಿ ಅವರು ಹಿಮಕ್ಕೂ ಬಂಡೆಗೂ ಹೊಂದುವ ಬಣ್ಣದ ಉಡುಪು ತೊಟ್ಟಿದ್ದರು. ಹಾರಾಟದ ಉದ್ದೇಶವೂ ನುಸುಳುಕೋರರು ಬರಬಹುದಾದ ದಾರಿಗಳನ್ನು ನೋಡಿ ಬರುವುದಾಗಿತ್ತೇ ಹೊರತು ಶಿಖರಗಳ ಮೇಲೆ ಯಾರಾದರೂ ಮನೆ ಮಾಡಿದ್ದಾರೆಯೇ ಎಂದು ಹುಡುಕುವುದಲ್ಲ. ಇದಕ್ಕೆ ಪರಿಹಾರವಾಗಿ ಸಮಿತಿ ಹೇಳಿದ್ದು: ಮಾನವರಹಿತ ವಿಮಾನಗಳು ಬೇಕು, ಜಾಗತಿಕ ಮಟ್ಟದ ಉಪಗ್ರಹ ಚಿತ್ರಗಳನ್ನು ತೆಗೆಯುವ ಶಕ್ತಿ ನಮ್ಮದೇ ಆಗಿ ಬೇಗ ಬರಬೇಕು.

ಈ ಶಿಫಾರಸಿನಲ್ಲಿ ಹುರುಳಿಲ್ಲವೆಂದಲ್ಲ. ಆಗ ನಮ್ಮ ಕೈಯಲ್ಲಿದ್ದ ಐಆರ್‌ಎಸ್-1ಸಿ ಉಪಗ್ರಹದ ಚಿತ್ರದಲ್ಲಿ ಒಂದು ಚುಕ್ಕೆ ಎಂದರೆ ನೆಲದ ಮೇಲೆ 5.8 ಮೀಟರ್ ಚೌಕ. ಒಂದು ಗುಡಾರ ಆ ಒಂದು ಚುಕ್ಕೆಯೊಳಗೇ ಕರಗಿಹೋಗುತ್ತದೆ, ಮನುಷ್ಯನಂತೂ ಅದರಲ್ಲಿ ಇಲ್ಲವೇ ಇಲ್ಲ. ವಿಮಾನದ ಕ್ಯಾಮರಾ ಇದಕ್ಕಿಂತ ಎಷ್ಟೋ ಚುರುಕು. ಆದರೆ ಹಿಮಾಲಯದ ಚಳಿಗಾಲದಲ್ಲಿ ಅದಕ್ಕೂ ಕಷ್ಟವೇ. ಮೇಲಿನಿಂದ ತೆಗೆದ ಚಿತ್ರವನ್ನು ಓದುವವರು ಮುಖ್ಯವಾಗಿ ನಂಬುವುದು ನೆರಳನ್ನು. ನೆರಳಿನ ಉದ್ದದಿಂದ ವಸ್ತುವಿನ ಎತ್ತರ ತಿಳಿಯುತ್ತದೆ, ಅದರ ಆಕಾರದಿಂದ ಫಿರಂಗಿಯೋ ಲಾರಿಯೋ ಎಂದು ಗೊತ್ತಾಗುತ್ತದೆ. ಒಂದೇ ಜಾಗವನ್ನು ಸ್ವಲ್ಪ ಅಂತರದಿಂದ ಎರಡು ಸಲ ತೆಗೆದು ಎರಡು ಕಣ್ಣಿಗೆ ಬೇರೆಬೇರೆಯಾಗಿ ತೋರಿಸಿದರೆ ಗುಡ್ಡ ಎದ್ದು ನಿಲ್ಲುತ್ತದೆ, ಹಳ್ಳ ಕುಸಿಯುತ್ತದೆ. ಹೊಸ ಹಿಮ ಬಿದ್ದ ಮರುದಿನ ಕಣ್ಣು ಕುಕ್ಕುವ ಬಿಳುಪಿನಲ್ಲಿ ಇದೆಲ್ಲ ಅಳಿಸಿಹೋಗುತ್ತದೆ. ಕಲ್ಲು ಪೇರಿಸಿ ಮಾಡಿದ ಮರೆ, ಸೈನಿಕರ ಮಾತಿನಲ್ಲಿ ಸಂಗರ್, ಕಲ್ಲಿನ ಬೆಟ್ಟದಲ್ಲಿ ಕಲ್ಲಾಗಿಯೇ ಕಾಣುತ್ತದೆ. ಓದುವವನು ಮಾಡಬಹುದಾದದ್ದು ಹಳೆಯ ಚಿತ್ರವನ್ನು ಪಕ್ಕಕ್ಕಿಟ್ಟು, ನಿನ್ನೆ ಇಲ್ಲದ್ದು ಇಂದು ಏನಿದೆ ಎಂದು ಕೇಳುವುದು. ಅಂದರೆ ಕೇಳಬೇಕೆಂದು ಅವನಿಗೆ ಅನ್ನಿಸಿರಬೇಕು.

ನನ್ನ ತಕರಾರು ಇರುವುದು ಇಲ್ಲಿಯೇ. ಇಂಥ ಎತ್ತರದಲ್ಲಿ, ಇಂಥ ಚಳಿಯಲ್ಲಿ ಯಾರೂ ದೊಡ್ಡ ಸಂಖ್ಯೆಯಲ್ಲಿ ಬಂದು ಕೂರಲಾರರು ಎಂಬ ನಂಬಿಕೆ ಸೇನೆಯಲ್ಲಿ ಬೇರೂರಿತ್ತು ಎಂದು ವರದಿಯ ಪುಟಗಳೇ ತೋರಿಸಿಕೊಡುತ್ತವೆ. ಆ ನಂಬಿಕೆಯನ್ನು ಗುರುತಿಸಿದ ಸಮಿತಿ ಕೊನೆಗೆ ಮದ್ದು ಕೊಟ್ಟದ್ದು ಮಾತ್ರ ಕಣ್ಣಿಗೆ. ಒಳ್ಳೆಯ ಕ್ಯಾಮರಾ ಇದ್ದಿದ್ದರೆ ಕಾಣುತ್ತಿತ್ತು ಎಂಬ ಧ್ವನಿ ವರದಿಯುದ್ದಕ್ಕೂ ಇದೆ. ಒಳ್ಳೆಯ ಕ್ಯಾಮರಾ ಇದ್ದೂ ಕಾಣದೇ ಹೋದ ಕಥೆಯೊಂದು ಅದಕ್ಕೆ 26 ವರ್ಷ ಮೊದಲೇ ಸೂಯೆಜ್ ಕಾಲುವೆಯ ದಂಡೆಯಲ್ಲಿ ನಡೆದಿತ್ತು.

1967ರ ಯುದ್ಧದ ನಂತರ ಕಾಲುವೆಯ ಪೂರ್ವ ದಂಡೆ ಇಸ್ರೇಲಿನ ವಶದಲ್ಲಿತ್ತು. ಅಲ್ಲಿ ಅದು ಎತ್ತರದ ಮರಳಿನ ಗೋಡೆ ಎಬ್ಬಿಸಿ, ಕೋಟೆಗಳ ಸಾಲು ಕಟ್ಟಿ ಬಾರ್-ಲೆವ್ ರೇಖೆ ಎಂದು ಹೆಸರಿಟ್ಟಿತು. ಎದುರು ದಂಡೆಯಲ್ಲಿ ಈಜಿಪ್ಟಿನ ಸೇನೆ. ಮರಳುಗಾಡು, ತಿಳಿ ಆಕಾಶ, ಹಿಮವಿಲ್ಲ, ಮೋಡವಿಲ್ಲ. ವೈಮಾನಿಕ ಛಾಯಾಚಿತ್ರಕ್ಕೆ ಇದಕ್ಕಿಂತ ಅನುಕೂಲದ ಗಡಿ ಜಗತ್ತಿನಲ್ಲಿ ಇನ್ನೊಂದಿರಲಾರದು. 1973ರ ಅಕ್ಟೋಬರ್ 4ರಂದು ಇಸ್ರೇಲಿ ವಿಮಾನ ತೆಗೆದ ಚಿತ್ರಗಳು ಮರುದಿನ ಮೇಜಿಗೆ ಬಂದವು. ಈಜಿಪ್ಟಿನ ಫಿರಂಗಿಗಳು ಹಿಂದೆಂದೂ ಇಲ್ಲದಷ್ಟು ಸಂಖ್ಯೆಯಲ್ಲಿ ಕಾಲುವೆಯ ಬಳಿ ಜಮಾಯಿಸಿರುವುದು ಅವುಗಳಲ್ಲಿ ನಿಚ್ಚಳವಾಗಿತ್ತು. ಚಿತ್ರ ಓದಿದವರು ತಪ್ಪು ಓದಲಿಲ್ಲ, ಸರಿಯಾಗಿಯೇ ಎಣಿಸಿದರು. ಆದರೂ ಸೈನಿಕ ಬೇಹುಗಾರಿಕೆಯ ಮುಖ್ಯಸ್ಥ ಎಲಿ ಜೆಯಿರಾ ಅವರ ಅಂದಾಜು, ಯುದ್ಧದ ಸಂಭವ ಕಡಿಮೆ ಎಂಬುದಾಗಿತ್ತು. ಇಸ್ರೇಲಿನ ಒಳನಾಡಿನ ವಾಯುನೆಲೆಗಳನ್ನು ಮುಟ್ಟಬಲ್ಲ ವಿಮಾನಗಳು ಕೈಗೆ ಬರುವ ತನಕ ಈಜಿಪ್ಟ್ ಯುದ್ಧಕ್ಕೆ ಇಳಿಯದು ಎಂಬ ಒಂದು ಸಿದ್ಧಾಂತ ಅವರ ತಲೆಯಲ್ಲಿತ್ತು. ಈಜಿಪ್ಟ್ ಇದು ವಾರ್ಷಿಕ ಕವಾಯತು ಎಂದು ಹಬ್ಬಿಸಿದ್ದ ಸುದ್ದಿ ಆ ಸಿದ್ಧಾಂತಕ್ಕೆ ಚೆನ್ನಾಗಿ ಹೊಂದಿಕೊಂಡಿತು. ಅಕ್ಟೋಬರ್ 6ರ ಮಧ್ಯಾಹ್ನ, ಯಹೂದಿಗಳ ಯೋಮ್ ಕಿಪ್ಪೂರ್ ದಿನ, ರಂಜಾನಿನ ಹತ್ತನೆಯ ದಿನ, ಈಜಿಪ್ಟಿನ ಸೇನೆ ಕಾಲುವೆ ದಾಟಿತು.

ಮರಳಿನ ಗೋಡೆಯನ್ನು ಅವರು ಒಡೆದದ್ದು ಸ್ಫೋಟಕದಿಂದಲ್ಲ, ನೀರಿನ ಪಂಪುಗಳಿಂದ. ಕಾಲುವೆಯ ನೀರನ್ನೇ ಎತ್ತಿ ರಭಸದಿಂದ ಹಾಯಿಸಿ ಮರಳನ್ನು ಕೊಚ್ಚಿ ದಾರಿ ಮಾಡಿದರು. ಅಸ್ವಾನ್ ಅಣೆಕಟ್ಟಿನ ಕೆಲಸದಲ್ಲಿ ಪಳಗಿದ ಬಾಕಿ ಜಕಿ ಯೂಸುಫ್ ಎಂಬ ಎಂಜಿನಿಯರ್ ಅಧಿಕಾರಿಯ ಯೋಚನೆಯದು. ಪಂಪನ್ನು ಫೋಟೋದಲ್ಲಿ ನೋಡಿದರೆ ಪಂಪೇ ಕಾಣುತ್ತದೆ, ಅದು ಆಯುಧವೆಂದು ಯಾವ ಲೆನ್ಸೂ ಹೇಳುವುದಿಲ್ಲ. ಇಸ್ರೇಲಿನ ಅಗ್ರನಾತ್ ಆಯೋಗ 1974ರ ಏಪ್ರಿಲಿನಲ್ಲಿ ಜೆಯಿರಾ ಅವರನ್ನೂ ಸೇನಾ ಮುಖ್ಯಸ್ಥ ಎಲಾಜಾರ್ ಅವರನ್ನೂ ಹೆಸರಿಸಿ ಸ್ಥಾನ ಬಿಡಬೇಕೆಂದಿತು. ನಮ್ಮ ಸಮಿತಿ ವ್ಯಕ್ತಿಗಳ ಹೊಣೆ ಗೊತ್ತುಮಾಡಲು ಹೋಗಲಿಲ್ಲ. ಸಾಕ್ಷಿಗಳನ್ನು ಕರೆಸುವ ಕಾನೂನುಬದ್ಧ ಅಧಿಕಾರವೂ ಅದಕ್ಕಿರಲಿಲ್ಲ. ಯಾರೂ ಹೊಣೆಯಲ್ಲವೆಂದಾದಾಗ ಯಂತ್ರವೇ ಹೊಣೆಯಾಗುತ್ತದೆ, ಮತ್ತು ಯಂತ್ರವನ್ನು ಕೊಳ್ಳಬಹುದು.

ಜರ್ಮನಿಯ ಹಾರುನ್ ಫರೋಕಿ 1988ರಲ್ಲಿ ಮಾಡಿದ ಒಂದು ಪ್ರಬಂಧ ಚಲನಚಿತ್ರ ಇದನ್ನೇ ಇನ್ನಷ್ಟು ಕಟುವಾಗಿ ಕಾಣಿಸುತ್ತದೆ. 1944ರ ಏಪ್ರಿಲ್ 4ರಂದು ಮಿತ್ರಪಡೆಯ ವಿಮಾನವೊಂದು ಪೋಲೆಂಡಿನಲ್ಲಿ ಜರ್ಮನರ ರಾಸಾಯನಿಕ ಕಾರ್ಖಾನೆಯ ಫೋಟೋ ತೆಗೆಯಿತು. ಅದೇ ಸುರುಳಿಯಲ್ಲಿ ಪಕ್ಕದ ಆಶ್ವಿಟ್ಜ್ ಶಿಬಿರವೂ ದಾಖಲಾಗಿತ್ತು. ಓದುವವರಿಗೆ ಕೊಟ್ಟ ಕೆಲಸ ಕಾರ್ಖಾನೆಯನ್ನು ಗುರುತಿಸುವುದು, ಅದನ್ನು ಗುರುತಿಸಿದರು. ಮನುಷ್ಯರನ್ನು ಕೊಲ್ಲುತ್ತಿದ್ದ ಜಾಗವನ್ನು ಆ ಚಿತ್ರಗಳಲ್ಲಿ ಗುರುತಿಸಲು 1970ರ ದಶಕದ ಕೊನೆಯಾಗಬೇಕಾಯಿತು. ಫರೋಕಿ ಅದೇ ಚಿತ್ರದಲ್ಲಿ ಅಲ್ಜೀರಿಯಾದ ಹೆಂಗಸರ ಫೋಟೋಗಳನ್ನೂ ತರುತ್ತಾನೆ. 1960ರಲ್ಲಿ ಫ್ರೆಂಚ್ ಸೇನೆ ಗುರುತಿನ ಚೀಟಿಗಾಗಿ ಬಲವಂತದಿಂದ ಮುಸುಕು ತೆಗೆಸಿ, ಮಾರ್ಕ್ ಗರಾಂಜೆ ಎಂಬ ಸೈನಿಕನಿಂದ ತೆಗೆಸಿದ ಮುಖಗಳವು. ಆ ಕಣ್ಣುಗಳಲ್ಲಿ ಸಿಟ್ಟು ಇದೆ. ಆಕಾಶದಿಂದ ತೆಗೆದ ಚಿತ್ರದಲ್ಲಿ ಎದುರಿನವರು ನಮ್ಮನ್ನು ಹೀಗೆ ದಿಟ್ಟಿಸುವ ಸಾಧ್ಯತೆಯೇ ಇಲ್ಲ.

ನಮ್ಮ ಉಪಖಂಡದಲ್ಲಿ ಮೇಲಿನಿಂದ ಇಣುಕಿ ನೋಡುವುದು ಸ್ವಾತಂತ್ರ್ಯ ಬಂದ ಕೆಲವೇ ವರ್ಷಗಳಿಂದ ನಡೆದಿದೆ. 1959ರ ಏಪ್ರಿಲ್ 10ರಂದು, ಈದುಲ್ ಫಿತ್ರ್ ಹಬ್ಬದ ಬೆಳಗ್ಗೆ, ಭಾರತದ ಕ್ಯಾನ್‌ಬೆರಾ ವಿಮಾನವೊಂದನ್ನು ರಾವಲ್ಪಿಂಡಿಯ ಬಳಿ ಪಾಕಿಸ್ತಾನ ಹೊಡೆದುರುಳಿಸಿತು. ಇಬ್ಬರು ವೈಮಾನಿಕರು ಜಿಗಿದು ಬದುಕಿಕೊಂಡರು. 1991ರಲ್ಲಿ ಎರಡೂ ದೇಶಗಳು ಮಾಡಿಕೊಂಡ ಒಪ್ಪಂದದಂತೆ ಬೇಹುಗಾರಿಕೆಯ ವಿಮಾನವೂ ಸೇರಿ ಯಾವ ಯುದ್ಧವಿಮಾನವೂ ಇನ್ನೊಬ್ಬರ ವಾಯುಪ್ರದೇಶದ 10 ಕಿಲೋಮೀಟರ್ ಒಳಗೆ ಬರುವಂತಿಲ್ಲ. 1999ರ ಮೇ 21ರಂದು, ದನಗಾಹಿಯ ಸುದ್ದಿ ಬಂದ ಮೇಲೆ, ಬಟಾಲಿಕ್ ಶಿಖರಗಳ ಚಿತ್ರ ತೆಗೆಯಲು ಹೋದದ್ದೂ ಒಂದು ಮುದಿ ಕ್ಯಾನ್‌ಬೆರಾವೇ. ಹೆಗಲ ಮೇಲಿಟ್ಟು ಹಾರಿಸುವ ಕ್ಷಿಪಣಿ ಅದರ ಒಂದು ಎಂಜಿನನ್ನು ಕೆಡಿಸಿತು. ಉಳಿದ ಒಂದೇ ಎಂಜಿನಿನಲ್ಲಿ ವೈಮಾನಿಕರು ಅದನ್ನು ವಾಪಸು ತಂದರು. ಎಲ್ಲಿ ನೋಡಬೇಕೆಂದು ನೆಲದ ಮನುಷ್ಯ ಬೆರಳು ತೋರಿದ ಮೇಲೆಯೇ ಕ್ಯಾಮರಾ ಅಲ್ಲಿಗೆ ಹೋದದ್ದು.

ವರದಿಯ ನಂತರ ಯಂತ್ರಗಳು ಬಂದವು. ನಮ್ಮ ಬೆಂಗಳೂರಿನಲ್ಲೇ ಕೇಂದ್ರ ಕಚೇರಿ ಇರುವ ಇಸ್ರೋ 2001ರ ಅಕ್ಟೋಬರಿನಲ್ಲಿ ಒಂದು ಮೀಟರಿನಷ್ಟು ಸೂಕ್ಷ್ಮವಾಗಿ ನೋಡಬಲ್ಲ ಟಿಇಎಸ್ ಉಪಗ್ರಹವನ್ನು ಹಾರಿಸಿತು. 2007ರ ಕಾರ್ಟೋಸ್ಯಾಟ್-2 ಅದಕ್ಕಿಂತಲೂ ಚುರುಕು. ಇಸ್ರೇಲಿನಿಂದ ಮಾನವರಹಿತ ವಿಮಾನಗಳು ಬಂದವು. ತಾಂತ್ರಿಕ ಬೇಹುಗಾರಿಕೆಗೆ ಎನ್‌ಟಿಆರ್‌ಒ ಎಂಬ ಹೊಸ ಸಂಸ್ಥೆ ಹುಟ್ಟಿತು. ಇಷ್ಟಾದ ಮೇಲೂ 2020ರ ಬೇಸಿಗೆಯಲ್ಲಿ ಪೂರ್ವ ಲಡಾಖಿನಲ್ಲಿ ಚೀನೀ ಪಡೆ ಮುಂದೆ ಬಂತು. ಜೂನ್ 15ರ ರಾತ್ರಿ ಗಾಲ್ವಾನಿನಲ್ಲಿ ನಮ್ಮ 20 ಸೈನಿಕರು ಸತ್ತರು. ಅಲ್ಲಿ ಏನು ಕಟ್ಟಲಾಗಿದೆ ಎಂಬ ಚಿತ್ರಗಳು ಭಾರತದ ನಾಗರಿಕರಿಗೆ ಸಿಕ್ಕಿದ್ದು ಅಮೆರಿಕದ ಖಾಸಗಿ ಕಂಪೆನಿಗಳಿಂದ. ನಮ್ಮ ತೆರಿಗೆಯಲ್ಲಿ ಹಾರಿದ ಉಪಗ್ರಹಗಳು ತೆಗೆದದ್ದು ಕಡತದಲ್ಲೇ ಉಳಿಯಿತು. ಇದರ ಹಿಂದಿನ ವರ್ಷ ಬಾಲಾಕೋಟದ ದಾಳಿಯ ನಂತರವೂ ಹೀಗೇ ಆಗಿತ್ತು. ವಿದೇಶಿ ಉಪಗ್ರಹದ ಚಿತ್ರದಲ್ಲಿ ಕಟ್ಟಡಗಳು ನಿಂತಿರುವುದು ಕಂಡಿತು. ಛಾವಣಿಯನ್ನು ತೂರಿ ಒಳಗೆ ಸಿಡಿಯುವ ಬಾಂಬುಗಳವು ಎಂದು ಇಲ್ಲಿಯ ವಾದ. ಟಿವಿ ಸ್ಟುಡಿಯೋಗಳಲ್ಲಿ ಅದೇ ಚಿತ್ರದ ಮೇಲೆ ಕೆಂಪು ವೃತ್ತ ಎಳೆದು ಒಬ್ಬರು ವಿಜಯವನ್ನೂ ಇನ್ನೊಬ್ಬರು ಸುಳ್ಳನ್ನೂ ಕಂಡರು. ಯಾರು ಯಾವ ದೇಶಭಕ್ತಿಯನ್ನು ಮನೆಯಿಂದ ಹೊತ್ತು ತಂದಿದ್ದರೋ ಅದೇ ಅವರಿಗೆ ಆ ವೃತ್ತದೊಳಗೆ ಕಂಡಿತು.

ವರದಿ ಕೇಳದೇ ಬಿಟ್ಟ ಇನ್ನೊಂದು ಪ್ರಶ್ನೆಯಿದೆ: ತೆಗೆದ ಚಿತ್ರವನ್ನು ಯಾರಿಗೆ ತೋರಿಸಬೇಕು? ಮತ್ತೆ ಸಿನಾಯ್‌ಗೇ ಹೋಗಬೇಕು. 1973ರಲ್ಲಿ ಫೋಟೋ ಇದ್ದೂ ಕುರುಡಾದ ಅದೇ ಗಡಿಯಲ್ಲಿ, 1975ರ ಒಪ್ಪಂದದ ಪ್ರಕಾರ ಅಮೆರಿಕದ ಬೇಹುಗಾರಿಕೆಯ ವಿಮಾನ ಏಳರಿಂದ ಹತ್ತು ದಿನಕ್ಕೊಮ್ಮೆ ಹಾರಿ ಚಿತ್ರ ತೆಗೆಯಬೇಕಿತ್ತು, ಅದನ್ನು ಈಜಿಪ್ಟಿಗೂ ಇಸ್ರೇಲಿಗೂ ವಿಶ್ವಸಂಸ್ಥೆಗೂ ಕೊಡಬೇಕಿತ್ತು. ಇಬ್ಬರು ಶತ್ರುಗಳ ಮೇಜಿನ ಮೇಲೂ ಒಂದೇ ಚಿತ್ರ. ಅಮೆರಿಕ ಅದನ್ನು ಧರ್ಮಾರ್ಥವಾಗಿ ಮಾಡಲಿಲ್ಲ ಎಂಬುದು ನಮಗೆ ಗೊತ್ತಿದೆ. ಅಲ್ಲಿಯ ಫೆಲೆಸ್ತೀನಿಯರ ಪಾಲಿಗೆ ಈ ಶಾಂತಿಯಿಂದ ಏನೂ ದಕ್ಕಲಿಲ್ಲ ಎಂಬುದೂ ಗೊತ್ತಿದೆ. ಆದರೂ ಸೂಯೆಜ್ ದಂಡೆಯಲ್ಲಿ ಮತ್ತೆ ಯುದ್ಧವಾಗಲಿಲ್ಲ. ಕ್ಯಾಮರಾ ಅದೇ, ಗುಟ್ಟು ಮಾತ್ರ ಇರಲಿಲ್ಲ.

ಸಿಯಾಚಿನ್ ವಿಷಯದಲ್ಲಿ ಭಾರತ ಮತ್ತು ಪಾಕಿಸ್ತಾನ ಹಲವು ವರ್ಷ ಮಾತಾಡಿದವು. 2005ರ ಜೂನಿನಲ್ಲಿ ಅಂದಿನ ಪ್ರಧಾನಿ ಮನಮೋಹನ ಸಿಂಗರು ಅಲ್ಲಿಗೇ ಹೋಗಿ ಅದು ಶಾಂತಿಯ ಪರ್ವತವಾಗಬೇಕೆಂದರು. ಮಾತುಕತೆ ಸಿಕ್ಕಿಬಿದ್ದದ್ದು ಒಂದು ಪ್ರಶ್ನೆಯಲ್ಲಿ: ಈಗ ಯಾರ ಸೈನಿಕರು ಎಲ್ಲಿದ್ದಾರೆ ಎಂಬುದನ್ನು ನಕ್ಷೆಯ ಮೇಲೆ ಗುರುತಿಸಿ ಇಬ್ಬರೂ ಒಪ್ಪಿಕೊಳ್ಳಬೇಕೋ ಬೇಡವೋ. ಆ ನೆಲೆಗಳ ಚಿತ್ರಗಳು ಎರಡೂ ರಾಜಧಾನಿಗಳ ಬೀರುಗಳಲ್ಲಿ ಇಲ್ಲವೆಂದು ನಂಬುವುದು ಕಷ್ಟ. ಅಲ್ಲಿ ಗುಂಡಿಗಿಂತ ಹೆಚ್ಚು ಸೈನಿಕರನ್ನು ಕೊಂದದ್ದು ಚಳಿ ಮತ್ತು ಹಿಮಕುಸಿತ. 2012ರ ಏಪ್ರಿಲಿನಲ್ಲಿ ಗಯಾರಿಯಲ್ಲಿ ಪಾಕಿಸ್ತಾನದ ಶಿಬಿರವೊಂದು ಹಿಮದಡಿ ಹೂತುಹೋಗಿ ಸುಮಾರು 140 ಮಂದಿ ಸತ್ತರು. 2016ರ ಫೆಬ್ರವರಿಯಲ್ಲಿ ನಮ್ಮ ಹತ್ತು ಮಂದಿ ಸತ್ತರು. ಆ ಹತ್ತರಲ್ಲಿ ಆರು ದಿನ ಹಿಮದಡಿ ಜೀವ ಹಿಡಿದುಕೊಂಡಿದ್ದು, ಮೇಲೆತ್ತಿದ ಮೇಲೆ ದಿಲ್ಲಿಯ ಆಸ್ಪತ್ರೆಯಲ್ಲಿ ತೀರಿಕೊಂಡ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಧಾರವಾಡ ಜಿಲ್ಲೆಯ ಬೆಟದೂರಿನವರು.

ತಾಶಿ ನಮ್‌ಗ್ಯಾಲ್ 2024ರ ಡಿಸೆಂಬರಿನಲ್ಲಿ ತೀರಿಕೊಂಡರು. ಸೇನೆ ಅವರಿಗೆ ಗೌರವ ಸಲ್ಲಿಸಿತು.